ಮೊಹರು ಹಾಕಿದ ಆರೋಗ್ಯದ ಚೀಟಿ

೧೯೭೨ನೇ ಇಸವಿ ಜೂನ್ ೧೪, ಬುಧವಾರ, ಸಂಜೆ ನಾಲ್ಕೂ ಮುಕ್ಕಾಲು. ಕನ್ಯಾಸ್ತ್ರೀಯರು ನಡೆಸುವ ಹೆಣ್ಣುಮಕ್ಕಳ ಪ್ರೌಢಶಾಲೆಯ ವಿಜ್ಞಾನದ ಸಿಸ್ಟರ್ ದರ್ಜಿಯ ಮನೆಗೆ ಬಂದರು. ದರ್ಜಿ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಕುರ್ಚಿಯ ಮೇಲಿನ ನೀಲಿ ಲಂಗಗಳ ರಾಶಿ ಎತ್ತಿ ಜಾಗ ಮಾಡಿಕೊಟ್ಟ. ಲಂಗಗಳೆಲ್ಲ ಆ ಶಾಲೆಯವೇ.

"ಮಗಳು ಮೂರು ದಿನದಿಂದ ಬಂದಿಲ್ಲ. ಜ್ವರವಾ?"

"ಜ್ವರ ಯಾಕೆ ಬರುತ್ತೆ? ಮದುವೆ ಗೊತ್ತಾಗಿದೆ ಸಿಸ್ಟರಮ್ಮ," ಎಂದಳು ದರ್ಜಿಯ ತಾಯಿ, ಒಳಗಿನಿಂದಲೇ. "ಮರದ ವ್ಯಾಪಾರಿಯ ಹಿರೀ ಮಗ."

ಹುಡುಗಿ ಹತ್ತನೆಯ ತರಗತಿ. ಎಲ್ಲಕ್ಕೂ ಯಾಕೆ ಯಾಕೆ ಎಂದು ಕೇಳುತ್ತಿದ್ದುದರಿಂದ ಶಾಲೆಯಲ್ಲಿ ಅವಳ ಹೆಸರೇ 'ಯಾಕಮ್ಮ' ಆಗಿತ್ತು.

"ಮಾರ್ಚಿಗೆ ಪರೀಕ್ಷೆ. ಒಂಬತ್ತೇ ತಿಂಗಳು ಕಾಯಿರಿ."

"ನಾನು ಪರೀಕ್ಷೆ ಬರೆದಿದ್ನಾ? ಸಂಸಾರ ಮಾಡ್ಲಿಲ್ವಾ?" ಅಜ್ಜಿ ಹೊರಗೆ ಬಂದಳು. "ನಿಮ್ಮಲ್ಲಿ ಓದಿದೋಳು ಅಂದ್ರೆ ಗಂಡಿನೋರು ನಾಮುಂದು ತಾಮುಂದು ಅಂತ ಬರ್ತಾರೆ. ಪಾಸಾದ್ಲು ಅನ್ನಿ, ಅದೇ ಜನ 'ಎದುರುತ್ತರ ಕೊಡ್ತಾಳೆ' ಅಂತ ಚಪ್ಪಲಿ ಹಾಕ್ಕೊಂಡು ಹೊರಡ್ತಾರೆ!"

ಅಜ್ಜಿಯ ಮಾತು ಸುಳ್ಳಾಗಿರಲಿಲ್ಲ. ಎಂಬತ್ತೊಂದು ವರ್ಷಗಳ ಹಿಂದೆ ಮೂವರು ಸಿಸ್ಟರುಗಳು ಪಾಳುಬಿದ್ದ ಕುದುರೆ ಲಾಯದಲ್ಲಿ ಹನ್ನೊಂದು ತಬ್ಬಲಿ ಹುಡುಗಿಯರಿಗೆ ಅಕ್ಷರ ಕಲಿಸಲು ತೆರೆದ ಶಾಲೆ ಅದು. ಈಗ ಎರಡಂತಸ್ತಿನ ಕಟ್ಟಡ, ಪ್ರಾರ್ಥನಾ ಮಂದಿರ, ಪ್ರಯೋಗಶಾಲೆ. ಮೆಟ್ಟಿಲ ಮೇಲೆ ಮಾತಿಲ್ಲ, ಕಾಲರಿನ ಮೇಲೆ ಕಲೆಯಿಲ್ಲ. ಆ ಒಪ್ಪ ಓರಣವೇ ಹುಡುಗಿಯರಿಗೆ ಮುಳುವಾಗಿತ್ತು. ಎಂಟನೆಯ ತರಗತಿಗೆ ಸೇರಿದ ನಲವತ್ತೆರಡು ಜನರಲ್ಲಿ ಕೊನೆಯ ಪರೀಕ್ಷೆಗೆ ಉಳಿಯುತ್ತಿದ್ದವರು ಹದಿನೇಳು. ಉಳಿದವರನ್ನು ತಿದ್ದಿ ತೀಡಿ ಮುಗಿಯಿತೆಂದು ಹೆತ್ತವರು ನಡುವೆಯೇ ಬಿಡಿಸಿ ಮದುವೆ ಮಾಡುತ್ತಿದ್ದರು.

"ಅವಳಿಗಿನ್ನೂ ಹದಿನೈದು. ಮೈ ಬೆಳೀತಾ ಇದೆ," ಸಿಸ್ಟರ್ ದರ್ಜಿಯ ಕಡೆ ತಿರುಗಿದರು. "ಈಗಲೇ ಬಸಿರಾದರೆ ಜೀವಕ್ಕೇ ಅಪಾಯ."

ಅಜ್ಜಿ ನಕ್ಕಳು. "ಬರೆದುಕೊಟ್ಟೋರು ನೀವೇ, ಈಗ ಹೆದರಿಸೋರೂ ನೀವೇನಾ?"

ದರ್ಜಿ ತಗಡಿನ ಡಬ್ಬಿಯಿಂದ ಒಂದು ಚೀಟಿ ತೆಗೆದುಕೊಟ್ಟ. ಕಣ್ಣು, ಹಲ್ಲು, ಶ್ವಾಸಕೋಶ, ಎತ್ತರ. ಎಲ್ಲದರ ಮುಂದೆ 'ದೋಷವಿಲ್ಲ', 'ಉತ್ತಮ' ಎಂದು ಸಿಸ್ಟರದೇ ದುಂಡು ಅಕ್ಷರ. ಕೆಳಗೆ ಶಾಲೆಯ ಮೊಹರು. ತಾಯಂದಿರು ನೋಡಿ ಹೆಣ್ಣುಮಕ್ಕಳಿಗೂ ಹೊಟ್ಟೆತುಂಬ ಹಾಕಲಿ ಎಂದು ಅವರೇ ವರ್ಷಕ್ಕೊಮ್ಮೆ ಪರೀಕ್ಷಿಸಿ ಮನೆಗೆ ಕಳಿಸುತ್ತಿದ್ದ ಚೀಟಿ.

"ಗಂಡಿನ ಅಪ್ಪ ಎರಡು ಸಲ ಓದಿಸಿಕೊಂಡ್ರು," ಎಂದ ದರ್ಜಿ ತಲೆ ತಗ್ಗಿಸಿ. "ಎತ್ತು ಕೊಳ್ಳೋವಾಗ್ಲೂ ಇಷ್ಟು ವಿವರ ಸಿಗಲ್ಲ ಅಂದ್ರು."

ಸಿಸ್ಟರ್ ಸವೆದ ಚೀಟಿಯ ಮಡಿಕೆಗಳನ್ನು ನೋಡಿದರು. ಇಷ್ಟು ವರ್ಷ ಎಷ್ಟು ಮನೆಗಳಲ್ಲಿ ಈ ಚೀಟಿ ಹೀಗೆ ಕೈ ಬದಲಾಯಿಸಿರಬಹುದು? ಅದು ಅವರಿಗೆ ಹೊಳೆದೇ ಇರಲಿಲ್ಲ.

ಹುಡುಗಿ ನೀರಿನ ಲೋಟ ತಂದಳು. "ಸಿಸ್ಟರ್, ನೀರಲ್ಲಿ ಕರೆಂಟ್ ಹಾಯಿಸೋ ಪ್ರಯೋಗ ಆಯ್ತಾ? ಯಾವ ಕೊಳವೇಲಿ ಗಾಳಿ ಜಾಸ್ತಿ ಬಂತು?"

"ನಾಳೆ ಮಾಡ್ತೀವಿ. ಬಾ."

ಅವಳು ಅಪ್ಪನನ್ನು ನೋಡಿದಳು. ಅವನು ಸೂಜಿಗೆ ದಾರ ಪೋಣಿಸುತ್ತಲೇ, "ಮಾತು ಕೊಟ್ಟಾಗಿದೆ ಕಣಮ್ಮ," ಎಂದ.

ಜುಲೈಯಲ್ಲಿ ಮದುವೆಯಾಯಿತು. ಪರೀಕ್ಷೆಗಾದರೂ ಕೂರಿಸೋಣ ಎಂದು ಸಿಸ್ಟರ್ ಮುಖ್ಯೋಪಾಧ್ಯಾಯಿನಿ ಮದರ್ ಬಳಿ ಅಂಗಲಾಚಿದರು. "ಮದುವೆಯಾದವಳ ಹೆಸರು ಹಾಜರಿಪಟ್ಟಿಯಲ್ಲಿ ಇರಬಾರದು, ಮೊದಲಿಂದ ಬಂದ ನಿಯಮ," ಎಂದರು ಮದರ್. "ಇವಳೊಬ್ಬಳನ್ನು ಇಟ್ಟುಕೊಂಡರೆ ಉಳಿದವರ ಹೆತ್ತವರೂ ಬಿಡಿಸಿಕೊಂಡು ಹೋಗ್ತಾರೆ." ಹೆಸರಿನ ಮೇಲೆ ಗೆರೆ ಎಳೆದದ್ದು ಸಿಸ್ಟರೇ. ಚೀಟಿ ಕೊಡುವುದನ್ನೂ ನಿಲ್ಲಿಸಿದರು. ತಂದೆಯಂದಿರು ಶಾಲೆಯ ಬಾಗಿಲಿಗೇ ಬಂದು, "ಈ ವರ್ಷದ ಚೀಟಿ ಯಾವಾಗ ಕೊಡ್ತೀರಿ?" ಎಂದು ವಿಚಾರಿಸತೊಡಗಿದರು.

ಮಾರ್ಚ್ ತಿಂಗಳು, ಪರೀಕ್ಷೆಯ ಎರಡನೆಯ ದಿನ, ಆಸ್ಪತ್ರೆಯಿಂದ ಹೇಳಿಕಳಿಸಿದರು. ಸಿಸ್ಟರ್ ಹೋಗುವಷ್ಟರಲ್ಲಿ ಹುಡುಗಿಯ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಏಳನೆಯ ತಿಂಗಳು, ರಕ್ತದ ಒತ್ತಡ ಏರಿ, ಫಿಟ್ಸ್ ಬಂದು, ಮಗು ಹುಟ್ಟಿದ ಅರ್ಧ ಗಂಟೆಗೆ ಹೋಗಿಬಿಟ್ಟಿದ್ದಳು. ದರ್ಜಿ ಗೋಡೆಗೆ ಮುಖ ಮಾಡಿ ಕೂತಿದ್ದ.

ಅಜ್ಜಿ ಸಿಸ್ಟರ ತೋಳು ಹಿಡಿದು ಅಲುಗಿಸಿದಳು. "ಚೆನ್ನಾಗಿದಾಳೆ ಅಂತ ನೀವೇ ಬರೆದಿದ್ರಲ್ಲಾ! ನಿಮ್ಮನ್ನ ನಂಬಿದ್ವಲ್ಲಾ!"

ಪಕ್ಕದ ಕೋಣೆಯಲ್ಲಿ ನರ್ಸ್ ಮಗುವನ್ನು ಹತ್ತಿಯಲ್ಲಿ ಸುತ್ತಿ ತೂಗುತ್ತಿದ್ದಳು. ಹೆಣ್ಣು ಮಗು. ತೂಕ ಒಂದು ಕಿಲೋ ನೂರ ಎಂಬತ್ತು ಗ್ರಾಂ.