ಕರಗದ ಉಪ್ಪು

"ಎತ್ತೇ ಇದನ್ನೆಲ್ಲಾ! ಹೆಣ್ಣಿನ ಕಡೆಯೋರು ಹಿರಿಯೂರು ಬಿಟ್ಟವ್ರಂತೆ," ಎನ್ನುತ್ತಾ ಓಬವ್ವ ಜಗಲಿಗೆ ನುಗ್ಗಿದಳು.

ಅಣ್ಣನ ಮಗಳು ಮಾನಸ ಕಲ್ಬತ್ತಿನಿಂದ ತಲೆಯೆತ್ತಲಿಲ್ಲ. ಚಿತ್ರದುರ್ಗದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳು ಆದಿವಾಲದ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯಲೆಂದು ಅತ್ತೆ ಮನೆಗೆ ಬಂದಿದ್ದಳು. ಗ್ರಾಫೈಟ್ ಪುಡಿಗೆ ಬಾಟಲಿಯ ದ್ರವ ಬೆರೆಸಿ ಅರೆದು, ಕೊಳವೆಗೆ ತುಂಬಿ ನೀರಿಗಿಳಿಸಿದರೆ ಮೀಟರು ಫ್ಲೋರೈಡಿನ ಅಂಕಿ ತೋರಿಸುತ್ತದೆ. ಅವಳ ಬಳಿ ಇದ್ದದ್ದು ಅದೊಂದೇ ಬಾಟಲಿ.

"ನಮ್ಮ ನೀರು ಕೆಟ್ಟದ್ದು ಅಂತ ನೀನು ಬರ್ಕೊಂಡು ಹೋದ್ರೆ ಜುಂಜೇಶಂಗೆ ಯಾರೇ ಹೆಣ್ಣು ಕೊಡ್ತಾರೆ?"

"ಬರೀಲೇಬೇಕಾ ಅತ್ತೆ? ಅವನ ಹಲ್ಲು ನೋಡಿದ್ರೇ ಗೊತ್ತಾಗ್ತೈತಲ್ಲ."

ಚುಚ್ಚಲೆಂದೇ ಆಡಿದ ಮಾತು, ಚುಚ್ಚಿತು. ಬಾಗಿಲಲ್ಲಿ ಹೊಸ ಅಂಗಿ ತೊಟ್ಟು ನಿಂತಿದ್ದ ಓಬವ್ವನ ಮಗ ಜುಂಜೇಶ, ಫ್ಲೋರೈಡ್ ನೀರಿಗೆ ಕಂದುಗಟ್ಟಿದ ಹಲ್ಲು ಕಾಣದಂತೆ ತುಟಿ ಮುಚ್ಚಿಕೊಂಡ. ಓಬವ್ವನ ಮುಖ ಕೆಂಪೇರಿತು.

"ಈ ಬಾಟ್ಲೀಲಿ ಏನೈತೆ?"

"ಉಪ್ಪು. ನೀರಿಲ್ದೆ, ಬಿಸಿ ಮಾಡ್ದೆ ಎಣ್ಣೆ ತರ ಇರೋ ಉಪ್ಪು." ದಡ್ಡರಿಗೆ ಪಾಠ ಹೇಳುವ ದನಿ.

"ಉಪ್ಪಾ? ಹಂಗಾದ್ರೆ ಕಣ್ಣು ಹಾಕಿದೋಳ ಉಪ್ಪಲ್ಲೇ ದಿಷ್ಟಿ ತೆಗೀತೀನಿ!"

ತಡೆಯುವಷ್ಟರಲ್ಲಿ ಓಬವ್ವ ಬಾಟಲಿ ಕಿತ್ತುಕೊಂಡು ಮಗನ ಮುಖಕ್ಕೆ ಮೂರು ಸಲ ನಿವಾಳಿಸಿ, ಥೂ ಎಂದು ಉಗಿದು, ಪರೀಕ್ಷೆಗೆಂದು ಗಾಜಿನ ಲೋಟದಲ್ಲಿಟ್ಟಿದ್ದ ಬೋರ್‌ವೆಲ್ ನೀರಿಗೇ ಪೂರ್ತಿ ಸುರಿದುಬಿಟ್ಟಳು. ಮಾನಸ ಕಿರುಚಿದಳು. ಅಳೆಯಬೇಕಾದ ನೀರೇ ಮೊದಲು ತಾಗಿದ ಮೇಲೆ ಆ ದ್ರವ ಕೊಡುವ ಅಂಕಿಯನ್ನು ಯಾರೂ ನಂಬುವುದಿಲ್ಲ. ಆ ಒಂದೇ ಬಾಟಲಿಯನ್ನು ನೆಚ್ಚಿದ್ದ ಒಂದು ವರ್ಷದ ಕೆಲಸ ಮಣ್ಣುಪಾಲಾಗಿತ್ತು.

ಓಬವ್ವ ಲೋಟಕ್ಕೆ ಬಗ್ಗಿದಳು. ನಿವಾಳಿಸಿದ ಉಪ್ಪು ನೀರಲ್ಲಿ ಕರಗಿದರೆ ದಿಷ್ಟಿಯೂ ಕರಗಿದಂತೆ. ಇದು ತಳದಲ್ಲಿ ಮುದ್ದೆಯಾಗಿ ಕುಳಿತಿತ್ತು.

"ಇದ್ಯಾಕೆ ಕರಗ್ತಿಲ್ಲ?" ದನಿಯಲ್ಲಿ ಮೊದಲ ಸಲ ಭಯವಿತ್ತು.

ನೀರಿನಲ್ಲಿ ಕರಗಬಾರದೆಂದೇ ಆರಿಸಿ ತಂದ ಉಪ್ಪು ಅದು. ಅಷ್ಟು ಹೇಳಿದ್ದರೆ ಓಬವ್ವನಿಗೆ ಸಮಾಧಾನವಾಗುತ್ತಿತ್ತು. ಆದರೆ ಮಾನಸಳ ಹೊಟ್ಟೆ ಉರಿಯುತ್ತಿತ್ತು.

"ಕರಗಲ್ಲ ಅತ್ತೆ. ಸಂಜೆವರೆಗೆ ಕಾದ್ರೂ ಕರಗಲ್ಲ."

ಬೀದಿಯಲ್ಲಿ ಟೆಂಪೋ ಬಂದು ನಿಂತಿತು. "ಅವ್ವಾ, ಬಂದ್ರು," ಎಂದ ಜುಂಜೇಶ. ಓಬವ್ವ ಏಳಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಲೇ ಇದ್ದಳು. ತಳದ ಮುದ್ದೆ ಒಡೆದು ಸಣ್ಣ ಸಣ್ಣ ಗುಂಡುಗಳಾಗಿ ಚದುರಿ, ಕೈ ನಿಂತೊಡನೆ ಮತ್ತೆ ಒಂದಾಗುತ್ತಿತ್ತು.