ಗುರುಬಸವ್ವನ ಮನೆಯ ಸೀಟಿ

ನಾನು ಒಂದು ಸೀಟಿ. ಹಿತ್ತಾಳೆಯ ಮೈ, ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಬೆಂಡಿನ ಗುಂಡು. ಮೊದಲೇ ಹೇಳಿಬಿಡುತ್ತೇನೆ, ನನಗೆ ಪಿಸುಮಾತು ಬರುವುದಿಲ್ಲ. ಎಲ್ಲೋ ಉತ್ತರದ ಊರಿನ ಕಾರ್ಖಾನೆಯಲ್ಲಿ ನನ್ನನ್ನು ಬೆಸೆದು, ಉಜ್ಜಿ, ಹೊಳಪು ಬರಿಸಿ ಒಬ್ಬ ಊದಿ ನೋಡಿದ. ಪಕ್ಕದವನು ಕಿವಿ ಮುಚ್ಚಿಕೊಂಡ. ಅದೇ ನನ್ನ ಹುಟ್ಟು, ಅದೇ ನನ್ನ ನಾಮಕರಣ.

ಕೊಪ್ಪಳದ ಕಡೆಯ ಒಂದು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬೀಗ, ಬಾಚಣಿಗೆಗಳ ನಡುವೆ ನೇತಾಡುತ್ತಿದ್ದೆ. ಸೀರೆಯ ಮೇಲೆ ಹೊಸ ಖಾಕಿ ಕೋಟು ತೊಟ್ಟ ಹೆಂಗಸೊಬ್ಬಳು ಬಂದಳು. “ಅಣ್ಣಾರ, ಸಣ್ಣ ಸಪ್ಪಳದ್ದು ಐತೇನ್ರಿ?” ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮೆಲ್ಲಗೆ ಕೂಗುವ ಸೀಟಿ ಕಟ್ಟಿಕೊಂಡು ಏನು ಮಾಡುತ್ತಾರೆ? ಅಂಗಡಿಯವನು ನಕ್ಕು ನನ್ನನ್ನೇ ಕೊಟ್ಟ.

ಅವಳು ದಾಕ್ಷಾಯಣಿ, ಗೊಡಚಿಹಾಳದ ಸೊಸೆ. ಡಿಪೋಗೆ ಹೊಸದಾಗಿ ಬಂದ ಕಂಡಕ್ಟರ್. ಸಣ್ಣ ಸಪ್ಪಳ ಯಾಕೆ ಬೇಕಿತ್ತು ಎನ್ನುವುದು ಅಂದು ಸಂಜೆಯೇ ಗೊತ್ತಾಯಿತು. ಅವಳ ಅತ್ತೆ ಗುರುಬಸವ್ವ ನನ್ನನ್ನು ಕಂಡು ಮುಖ ಸಿಂಡರಿಸಿದಳು.

“ಕೆಲಸಕ್ಕ ಹೋಗು, ಬ್ಯಾಡ ಅನ್ನಂಗಿಲ್ಲ. ಕೂಸಿನ್ನ ನಾ ನೋಡ್ಕೋತೀನಿ. ಆದ್ರ ಹೆಣ್ಮಗಳು ಸೀಟಿ ಊದಿದ್ರ ಮನಿಗೆ ದರಿದ್ರ. ನಮ್ಮೂರಾಗ ಮಾತ್ರ ಊದಬ್ಯಾಡವಾ.”

ಬಸ್ಸಿನಲ್ಲಿ ನನ್ನ ಭಾಷೆ ಸರಳ. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೋಗು. ಬೇರೆ ಊರುಗಳಲ್ಲಿ ದಾಕ್ಷಾಯಣಿ ಚೆನ್ನಾಗಿಯೇ ಊದುತ್ತಿದ್ದಳು. ಗೊಡಚಿಹಾಳ ಬಂತೆಂದರೆ ಮುಗಿಯಿತು! ಬೇವಿನಕಟ್ಟೆಯ ಮೇಲೆ ಮಾವನ ವಾರಿಗೆಯವರು ಸಾಲಾಗಿ ಕೂತಿರುತ್ತಿದ್ದರು. ಅವಳು ನನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದಳು. ಆ ಬೆವರಿನಲ್ಲಿ ನನಗೆ ಉಸಿರು ಕಟ್ಟುತ್ತಿತ್ತು.

“ತಂಗಿ, ಹಿಂದ ಏನ್ ನಡದೈತಿ ನನಗ ಕಾಣಂಗಿಲ್ಲ. ಸೀಟೀನ ನನ್ನ ಕಣ್ಣು,” ಎಂದು ಡ್ರೈವರ್ ರಾಜೇಸಾಬ್ ಹೇಳುತ್ತಲೇ ಇದ್ದ. “ನೀ ಇನ್ನೂ ಕಾಯಂ ಆಗಿಲ್ಲ. ಸಾಹೇಬ್ರ ಕಿವಿಗೆ ಬಿದ್ರ ಮನಿಗೇ ಕಳಸ್ತಾರ ನೋಡವಾ.”

“ಗೊತ್ತೈತ್ರಿ ಸಾಬ್ರ,” ಎನ್ನುತ್ತಿದ್ದಳು. ಒಂದು ಕಡೆ ಕೆಲಸ, ಒಂದು ಕಡೆ ಅತ್ತೆ. ಕೂಸನ್ನು ಅತ್ತೆ ನೋಡಿಕೊಳ್ಳದಿದ್ದರೆ ಕೆಲಸವೇ ಇಲ್ಲ. ಪಾಪ, ಯಾರಿಗೆ ಹೇಳಿಕೊಂಡಾಳು?

ಒಂದು ಸಂತೆಯ ದಿನ ಬಸ್ಸು ಗಿಜಿಗುಡುತ್ತಿತ್ತು. ಗೊಡಚಿಹಾಳದಲ್ಲಿ ಇಳಿಯುವವರಲ್ಲಿ ಕೊನೆಯವಳು ಗುರುಬಸವ್ವ. ತಲೆಯ ಮೇಲೆ ಬುಟ್ಟಿ, ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಕಡೆಗೆ. ಅಷ್ಟರಲ್ಲಿ ಟಾಪಿನಿಂದ ಮೂಟೆ ಇಳಿಸಿಕೊಂಡವನೊಬ್ಬ ಕೆಲಸ ಮುಗಿಯಿತೆಂದು ಬಸ್ಸಿನ ಮೈಗೆ ಎರಡು ಸಲ ತಟ್ಟಿದ. ರಾಜೇಸಾಬ್ ಅದು ದಾಕ್ಷಾಯಣಿಯ ಕೈಯೆಂದೇ ತಿಳಿದ. ಬಸ್ಸು ಹೊರಟೇಬಿಟ್ಟಿತು!

ಮುದುಕಿಯ ಸೆರಗು ಬಾಗಿಲ ಸರಳಿಗೆ ಸಿಕ್ಕಿತ್ತು. ದಾಕ್ಷಾಯಣಿ ಕೂಗಿದಳು, ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಆಗ ಮುಷ್ಟಿ ಬಿಚ್ಚಿತು. ಅವಳ ಪಾಲಿಗೆ ಈಗ ಕಟ್ಟೆಯಿಲ್ಲ, ಮಾವನ ವಾರಿಗೆಯವರಿಲ್ಲ, ದರಿದ್ರವಿಲ್ಲ. ಇದ್ದಬದ್ದ ಉಸಿರನ್ನೆಲ್ಲ ನನ್ನೊಳಗೆ ತುಂಬಿದಳು. ಅಷ್ಟು ದೊಡ್ಡದಾಗಿ ನಾನು ಕಾರ್ಖಾನೆಯಲ್ಲೂ ಕೂಗಿರಲಿಲ್ಲ.

ಬಸ್ಸು ಗಕ್ಕನೆ ನಿಂತಿತು. ಗುರುಬಸವ್ವ ಮಣ್ಣಿನಲ್ಲಿ ಕುಕ್ಕರಿಸಿದ್ದಳು. ಬಳೆ ಒಡೆದಿದ್ದವು, ಮೊಣಕೈ ತರಚಿತ್ತು, ಬದನೆಕಾಯಿ ರಸ್ತೆಯ ತುಂಬ. ಜೀವಕ್ಕೇನೂ ಆಗಿರಲಿಲ್ಲ. ಸೊಸೆ ಓಡಿ ಬಂದು ಎಬ್ಬಿಸಿದರೆ ಮುದುಕಿ ಸಿಡಿದಳು. “ಮೊದಲಽ ಊದಾಕ ಏನಾಗಿತ್ತ ನಿನಗ? ಬಾಯಾಗ ಕಡಬು ಇಟ್ಕೊಂಡಿದ್ದೇನು?”

ಕಟ್ಟೆಯವರೆಲ್ಲ ನಕ್ಕರು. ದಾಕ್ಷಾಯಣಿ ಅಳುತ್ತಲೇ ನಕ್ಕಳು. ಮರುದಿನ ಬೆಳಿಗ್ಗೆ ಗುರುಬಸವ್ವ ತಾನೇ ನನ್ನನ್ನು ಹುಣಸೆಹಣ್ಣಿನಿಂದ ತಿಕ್ಕಿ, ದೃಷ್ಟಿಯಾಗದಿರಲೆಂದು ಕರಿದಾರ ಕಟ್ಟಿ ಸೊಸೆಯ ಕೊರಳಿಗೆ ಹಾಕಿದಳು.

ಆಮೇಲಿನದು ನನ್ನ ಸುಖದ ಕಾಲ. ದಾಕ್ಷಾಯಣಿ ಕಾಯಂ ಆದಳು. ನೌಕರಿಯೆಂದರೆ ಹೂವಿನ ಹಾಸಿಗೆಯಲ್ಲ. ಬಸ್ಸು ತಿರುಗುವ ಕೊನೆಯ ಊರಿನಲ್ಲಿ ಹೆಂಗಸರಿಗೆ ಪಾಯಿಖಾನೆಯಿಲ್ಲವೆಂದು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲ. ಆದರೂ ಬೆಳಗಿನ ಟ್ರಿಪ್ಪಿನಲ್ಲಿ ನಾನು ಕೂಗಿದರೆ ಹುಡುಗಿಯರು ಜಡೆ ಹೆಣೆದುಕೊಳ್ಳುತ್ತಲೇ ಓಡಿ ಬರುತ್ತಿದ್ದರು. “ಕಂಡಕ್ಟರ್ ಅಕ್ಕ ಅದಾಳ, ಹೋಗಲಿ ಬಿಡು,” ಎಂದು ಅಪ್ಪಂದಿರು ಮಕ್ಕಳನ್ನು ಕಾಲೇಜಿಗೆ ಕಳಿಸತೊಡಗಿದ್ದರು. ಆ ಜಡೆಗಳು, ಆ ನಗು, ಬುತ್ತಿಯ ವಾಸನೆ... ಈಗ ನೆನೆದರೂ ನನ್ನ ಗುಂಡು ಅಲುಗುತ್ತದೆ.

ಕೂಸು ದೊಡ್ಡದಾಯಿತು, ಮುದುಕಿ ಹಣ್ಣಾದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು, ದನಿಯೂ ಉಡುಗಿತು. ಯಾರನ್ನಾದರೂ ಕರೆಯಲು ಇರಲೆಂದು ದಾಕ್ಷಾಯಣಿ ನನ್ನನ್ನು ಅತ್ತೆಯ ದಿಂಬಿನ ಬದಿಗಿಟ್ಟು, ತಾನು ಹೊಸ ಸೀಟಿ ಕೊಂಡಳು. ಸೀಟಿ ಊದಬಾರದೆಂದವಳು ಈಗ ದಿನವಿಡೀ ನನ್ನನ್ನು ಊದುತ್ತಿದ್ದಳು!

ಆಗಲೇ ದಾಕ್ಷಾಯಣಿಗೆ ಬಡ್ತಿಯ ಆದೇಶ ಬಂತು. ದೊಡ್ಡ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ನಸುಕಿನಲ್ಲಿ ಹೋದರೆ ಕತ್ತಲಾದ ಮೇಲೆ ಬರಬೇಕು. “ಬ್ಯಾಡ ಅಂತ ಬರದುಕೊಡ್ತೀನ್ರಿ. ಅತ್ತಿನ್ನ ಯಾರ ನೋಡಬೇಕು?” ಎಂದು ಪಡಸಾಲೆಯಲ್ಲಿ ಗಂಡನಿಗೆ ಹೇಳಿದಳು.

ಒಳಗಿನಿಂದ ಗುರುಬಸವ್ವ ಒಂದು ಸಲ ಊದಿದಳು. ನಿಲ್ಲು. ದಾಕ್ಷಾಯಣಿ ಓಡಿ ಬಂದಳು.

“ನಿನ್ನ ಮಗನ್ನ ನಾ ನೋಡ್ಲಿಲ್ಲೇನು?” ಮುದುಕಿ ಏದುಸಿರು ಬಿಡುತ್ತ ಹೇಳಿದಳು. “ನನ್ನ ಮಗ ನನ್ನ ನೋಡ್ತಾನ.”

ಬಾಗಿಲಲ್ಲಿ ನಿಂತಿದ್ದ ಮಗ ಹೂಂ ಎಂದು ತಲೆಯಾಡಿಸಿದ. ದಾಕ್ಷಾಯಣಿ ಅಲ್ಲಿಂದ ಕದಲಲಿಲ್ಲ. ಆಗ ಆ ನಡುಗುವ ತುಟಿಗಳು ಮತ್ತೆ ನನ್ನನ್ನು ಹಿಡಿದವು. ಎರಡು ಸಲ ಊದಿದವು.

ಗುರುಬಸವ್ವ ಹೋಗಿ ವರ್ಷಗಳಾದವು. ನಾನೀಗ ಗೋಡೆಯೊಳಗಿನ ದೇವರ ಮಾಡದಲ್ಲಿ ಅದೇ ಕರಿದಾರದೊಂದಿಗೆ ಮಲಗಿದ್ದೇನೆ. ಬೆಂಡು ಒಣಗಿ ದನಿ ಒಡೆದಿದೆ. ದಿನಾ ನಸುಕಿನಲ್ಲಿ ದಾಕ್ಷಾಯಣಿ ದೀಪ ಹಚ್ಚಿ, ವಿಭೂತಿ ಧರಿಸಿ, ನನ್ನನ್ನು ಕೈಗೆತ್ತಿಕೊಳ್ಳುತ್ತಾಳೆ. ಮನೆಯೊಳಗೆ, ದೇವರ ಮುಂದೆಯೇ, ಎರಡು ಸಲ ಊದುತ್ತಾಳೆ. ಆಮೇಲೆ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೊರಡುತ್ತಾಳೆ.