ನಾಲ್ಕನೇ ಕಡೆಯ ಬೆಳಕು

ಮುನಿವೆಂಕಟಪ್ಪನಿಗೆ ಅನುಮಾನ ಪಡಲು ಕಾರಣ ಬೇಕಿರಲಿಲ್ಲ. ಕಾರಣ ಆಮೇಲೆ ಹೇಗೋ ಸಿಕ್ಕುತ್ತಿತ್ತು. ಡೈರಿಯವನು ನಕ್ಕರೆ ಹಾಲಿನ ಅಳತೆಯಲ್ಲಿ ಏನೋ ಮಾಡಿದ್ದಾನೆ ಅನ್ನುವನು, ನಗದಿದ್ದರೆ ಮಾಡಿ ಹೆದರಿಕೊಂಡಿದ್ದಾನೆ ಅನ್ನುವನು. ಹಾಗಾಗಿ ದಿಬ್ಬೂರಹಳ್ಳಿಯಲ್ಲಿ ಜನ ಅವನೆದುರು ಅಳೆದು ತೂಗಿ ಮಾತಾಡುತ್ತಿದ್ದರು. ಅದನ್ನು ಕಂಡು ಅವನಿಗೆ ಇನ್ನಷ್ಟು ಅನುಮಾನ ಬರುತ್ತಿತ್ತು.

ಆ ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದವನಿಗೆ ಪಕ್ಕದ ಕಟ್ಟಡದ ಮೇಲಿಂದ ಒಂದು ಮಾತು ಕೇಳಿಸಿತು. “ಬಾರ್ಡರ್ರು ಮೂವತ್ತೆರಡು ಅಡಿ ಬರ್ತದೆ.”

ಆ ಕಟ್ಟಡ ಅವನ ತಮ್ಮನ ಮಗ ನರೇಂದ್ರ ಹೊಸದಾಗಿ ಕಟ್ಟಿಸಿದ್ದು. ಕೆಳಗೆ ಎರಡು ಅಂಗಡಿ, ಮೇಲೆ ಮನೆ. ಅದಕ್ಕೂ ಮುನಿವೆಂಕಟಪ್ಪನ ಮನೆಗೂ ನಡುವೆ ಇದ್ದದ್ದು ಆರಡಿ ಓಣಿ. ಅಲ್ಲಿ ಯಾರೋ ಟೇಪು ಹಿಡಿದು ಬಾರ್ಡರ್ ಅಳೆಯುತ್ತಿದ್ದಾರೆ ಎಂದರೆ ಓಣಿ ಕೈಬಿಟ್ಟು ಹೋದ ಹಾಗೆಯೇ. ಹೊರೆ ಅಲ್ಲೇ ಕೆಡವಿ ಓಡಿದ.

“ಯಾವ ಬಾರ್ಡರ್ರಯ್ಯಾ? ಯಾರು ಕಳಿಸಿದ್ದು ನಿನ್ನ?”

ಏಣಿ ಮೇಲಿದ್ದವನು ತಿರುಮಲೇಶ್, ಚಿಂತಾಮಣಿಯಿಂದ ಬಂದ ಲೈಟಿನ ಕೆಲಸದವನು. ಅವನಿಗೆ ಈ ಮನುಷ್ಯನ ಪರಿಚಯವಿರಲಿಲ್ಲ, ಆದ್ದರಿಂದ ನಗುತ್ತಲೇ ಉತ್ತರ ಕೊಟ್ಟ. “ಬಾರ್ಡರ್ ಲೈಟು ಯಜಮಾನ್ರೇ, ನಿಯಾನ್ ಪಟ್ಟಿ. ಸೀರೆಗೆ ಅಂಚಿರಲ್ವಾ, ಹಂಗೆ ಬಿಲ್ಡಿಂಗ್ ಅಂಚಿಗೆ ಸುತ್ತಾ ಹಾಕೋದು. ಗೃಹಪ್ರವೇಶಕ್ಕೆ.”

ಗೃಹಪ್ರವೇಶಕ್ಕೆ ಇನ್ನೂ ಹದಿಮೂರು ದಿನವಿತ್ತು. ಇಷ್ಟು ಮುಂಚೆ ಯಾಕೆ ಎಂದರೆ, ಮುಹೂರ್ತದ ಸೀಸನ್ನು, ಆಮೇಲೆ ಪುರುಸೊತ್ತಿರಲ್ಲ ಅಂದ. ಮುನಿವೆಂಕಟಪ್ಪ ಅದನ್ನೂ ನಂಬದೆ ಕಲ್ಲಿನ ಮೇಲೆ ಕೂತು ನೋಡತೊಡಗಿದ. ತಿರುಮಲೇಶ್ ಗೋಡೆಗೆ ತೂತು ಕೊರೆದು, ಮೊಳಕ್ಕೊಂದು ಕ್ಲಿಪ್ಪು ಕೂರಿಸಿ, ಮೆತ್ತನೆಯ ಪಟ್ಟಿಯನ್ನು ಅದರೊಳಗೆ ಒತ್ತಿಕೊಂಡು ಹೋದ. ಮುಂಭಾಗ ಮುಗಿಯಿತು, ಹಿಂಭಾಗ ಮುಗಿಯಿತು, ಆಚೆ ಪಕ್ಕವೂ ಮುಗಿಯಿತು. ಓಣಿಯ ಕಡೆಗೆ ಬರುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

“ಸರೇ ಅನ್ನಾ. ಆ ವೈಪು ವದ್ದು. ಮೂಡು ವೈಪುಲೇ ವೇಸ್ತಾನು.”

ಈ ಊರಲ್ಲಿ ತೆಲುಗು ಬಾರದವರು ಯಾರು? ಆ ಕಡೆ ಬೇಡ, ಮೂರೇ ಕಡೆ ಸಾಕು. ಆ ಕಡೆ ಎಂದರೆ ಮುನಿವೆಂಕಟಪ್ಪನ ಕಡೆ.

ರೋಗ ತಗಲದಿರಲೆಂದು ಹುಳುವಿರುವ ಮನೆಗೆ ಕಾಲು ತೊಳೆದೇ ಹೋಗಬೇಕು. ಅವನು ತೊಳೆದುಕೊಂಡು ಒಳಗೆ ಹೋದಾಗ ಹೆಂಡತಿ ಅಮ್ಮಾಜಮ್ಮ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ರೇಷ್ಮೆಹುಳು ಮೂರನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಹೊಸ ಚರ್ಮ ತೊಟ್ಟು, ಹಸಿದು ಕೂತಿದ್ದವು. ಇನ್ನೊಂದು ಜ್ವರ ಕಳೆದರೆ ಎರಡು ವಾರದೊಳಗೆ ಹಣ್ಣಾಗಿ ಗೂಡು ಕಟ್ಟುತ್ತವೆ. ಮನೆಯ ವರ್ಷದ ಆಸರೆಯೆಲ್ಲ ಆ ತಟ್ಟೆಗಳಲ್ಲೇ ಇತ್ತು.

“ಮೂರು ಕಡೆ ದೀಪ ಹಾಕಿ ನಮ್ಮ ಕಡೆ ಕತ್ಲು ಬಿಟ್ಟವ್ರೆ ಕಣೇ.”

“ಬಿಡು, ಕತ್ಲಿದ್ರೇ ಒಳ್ಳೇದು,” ಅಂದಳು ಅವಳು ತಲೆಯೆತ್ತದೆ.

“ನೀನೂ ಅವರ ಕಡೇನೇ ಸೇರ್ಕೊಂಡ್ಯಾ?”

ಅಮ್ಮಾಜಮ್ಮ ಸುಮ್ಮನಾದಳು. ಮೂವತ್ತೈದು ವರ್ಷದಲ್ಲಿ ಅವಳು ಕಲಿತ ದೊಡ್ಡ ವಿದ್ಯೆ ಅದು.

ಇದಕ್ಕೆಲ್ಲ ಹಿಂದಿನದೊಂದು ಕತೆಯಿದೆ. ಮೂರು ವರ್ಷದ ಕೆಳಗೆ ನರೇಂದ್ರನ ಹೆಂಡತಿ ಕವಿತ ಗೌರಿಬಿದನೂರಿಂದ ಸೊಸೆಯಾಗಿ ಬಂದ ಹೊಸತರಲ್ಲಿ, ಓಣಿಯಲ್ಲಿ ನಿಂತು ಬಾಯ್ತುಂಬ ಕೇಳಿದ್ದಳು: “ಹುಳು ಚೆನ್ನಾಗವಾ ಮಾವ?” ವಾರದೊಳಗೆ ರೋಗ ಬಿದ್ದು ಅಷ್ಟೂ ಹುಳುವನ್ನು ಗುಂಡಿಗೆ ಸುರಿಯಬೇಕಾಯಿತು. ಮುನಿವೆಂಕಟಪ್ಪ ಅರಳಿಕಟ್ಟೆಯ ಮೇಲೆ ನಿಂತು, ದಾಯಾದಿ ಮನೆಯವಳ ಕಣ್ಣು ಬಿತ್ತು ಎಂದು ಊರಿಗೆಲ್ಲ ಕೇಳುವಂತೆ ಕೂಗಾಡಿದ. ಆ ಹುಡುಗಿ ಎರಡು ದಿನ ಊಟ ಬಿಟ್ಟಳು. ಅಂದಿನಿಂದ ಆ ಮನೆಯವರು ಅವನ ಕಿವಿಗೆ ಬೀಳುವ ಹಾಗೆ ಹುಳು ಎಂಬ ಪದ ಆಡಿಲ್ಲ. ತನ್ನ ಬೆಳೆ ಹಾಳಾಗಲಿ ಅಂತಲೇ ಬಾಯಿ ಬಿಗಿಹಿಡಿದಿದ್ದಾರೆ ಎಂದು ಈ ಮಹಾರಾಯ ಅದಕ್ಕೂ ಅರ್ಥ ಕಟ್ಟಿದ್ದ.

ಮಾರನೇ ದಿನ ಹಿರಿಯ ಕೋನಪ್ಪನನ್ನು ಜೊತೆಗೆ ಕರೆದುಕೊಂಡು ನರೇಂದ್ರನ ಅಂಗಡಿ ಮುಂದೆ ಹೋಗಿ ನಿಂತ. ತಿರುಮಲೇಶ್ ಆಗಿನ್ನೂ ವೈರು ಸುತ್ತುತ್ತಿದ್ದ.

“ನಾನೇನು ಸತ್ತಿದ್ದೀನೇನೋ? ಸೂತಕದ ಮನೆ ಥರ ನಮ್ಮ ಕಡೆ ಮಾತ್ರ ಕತ್ಲು ಯಾಕೆ?”

ನರೇಂದ್ರ ಏನೋ ಹೇಳಲು ಬಾಯಿ ತೆರೆದವನು ಬಾಗಿಲಲ್ಲಿದ್ದ ಹೆಂಡತಿಯ ಮುಖ ನೋಡಿದ. ಕವಿತ ಬೇಡವೆಂಬಂತೆ ಚೂರೇ ಚೂರು ತಲೆಯಾಡಿಸಿದಳು. ಅದು ಮುನಿವೆಂಕಟಪ್ಪನ ಕಣ್ಣಿಗೆ ಬೀಳದೆ ಇರುತ್ತದೆಯೇ?

“ಏನಿಲ್ಲ ದೊಡ್ಡಪ್ಪ, ಸುಮ್ನೆ ಬಿಟ್ವಿ ಅಷ್ಟೇ.”

“ಸುಮ್ನೆ ಯಾರಾದ್ರೂ ಬಿಡ್ತಾರಾ? ಕೋನಪ್ಪ, ನೀನೇ ಹೇಳು.”

ಕೋನಪ್ಪನಿಗೆ ಬೇಗ ಮನೆ ಸೇರಿದರೆ ಸಾಕಾಗಿತ್ತು. “ಹಾಕ್ಸಿಬಿಡಪ್ಪ ಅತ್ಲಾಗೆ. ಹಿರಿಯರು ಕೇಳ್ತಾವ್ರೆ,” ಅಂದ.

“ದೊಡ್ಡಪ್ಪ, ಇನ್ನೊಂದ್ಸಲ ಯೋಚ್ನೆ ಮಾಡು. ನಿನ್ನ ಒಳ್ಳೇದಕ್ಕೇ ಹೇಳ್ತೀನಿ.”

“ಹೆದರಿಸ್ತೀಯೇನೋ?”

ನರೇಂದ್ರ ಲೈಟಿನವನಿಗೆ ಹಾಕು ಎಂದು ಕೈಸನ್ನೆ ಮಾಡಿದ. ತಿರುಮಲೇಶ್ ಓಣಿಯ ಕಡೆಗೂ ಪಟ್ಟಿ ಎಳೆದ. ಅದಕ್ಕೆ ಬೇರೆ ಸ್ವಿಚ್ಚು ಇಡುತ್ತೇನೆ, ಬೇಡವಾದಾಗ ಆ ಕಡೆಯಷ್ಟೇ ಆರಿಸಿಕೊಳ್ಳಬಹುದು ಅಂದ. ಮುನಿವೆಂಕಟಪ್ಪ ಅದಕ್ಕೂ ಬಿಡಲಿಲ್ಲ. ನಾಲ್ಕು ಜನರೆದುರು ಹಾಕಿದ ಹಾಗೆ ಮಾಡಿ ಗೃಹಪ್ರವೇಶದ ದಿನ ಆರಿಸುವ ಹುನ್ನಾರ ಅವನಿಗೆ ಗೊತ್ತಿಲ್ಲವೇ? “ಒಂದೇ ಸ್ವಿಚ್ಚು. ಹತ್ತಿದ್ರೆ ನಾಲ್ಕೂ ಕಡೆ ಹತ್ಬೇಕು, ಆರಿದ್ರೆ ನಾಲ್ಕೂ ಆರ್ಬೇಕು,” ಎಂದು ನಿಂತು ಮಾಡಿಸಿದ. ಮಟಮಟ ಮಧ್ಯಾಹ್ನ ಹತ್ತಿಸಿ ತೋರಿಸಿದರು. ಬಿಸಿಲಲ್ಲಿ ತಿಳಿನೀಲಿ ಗೆರೆಯೊಂದು ಕಂಡೂ ಕಾಣದ ಹಾಗಿತ್ತು. ನಾಲ್ಕು ಕಡೆಯೂ ಸುತ್ತಿ ಬಂದು ಸಮಾಧಾನಪಟ್ಟುಕೊಂಡ. ಇವರು ಇಷ್ಟು ಸಲೀಸಾಗಿ ಒಪ್ಪಿದ್ದು ಯಾಕೆ ಎಂಬುದೊಂದು ಮಾತ್ರ ಮನಸ್ಸಲ್ಲಿ ಕೊರೆಯುತ್ತಿತ್ತು.

ಹುಳು ಹಣ್ಣಾದದ್ದು ಸರಿಯಾಗಿ ಗೃಹಪ್ರವೇಶದ ದಿನವೇ. ಗಂಡ ಹೆಂಡತಿ ಬೆಳಗಿನಿಂದ ಹಣ್ಣುಹುಳು ಆಯ್ದು ಚಂದ್ರಿಕೆಗೆ ಬಿಟ್ಟರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟಿ. ನಲವತ್ತು ಚಂದ್ರಿಕೆಗಳನ್ನು ಯಾವಾಗಿನಂತೆ ಓಣಿಯ ಕಡೆಯ ಪಡಸಾಲೆಯಲ್ಲಿ ಒರಗಿಸಿದ್ದರು. ಗಾಳಿಯಾಡುವುದು ಅಲ್ಲೇ. ಹುಳು ಒಳ್ಳೆ ಬಲವಾಗಿದ್ದವು. ಅಮ್ಮಾಜಮ್ಮ ಮೂರು ವರ್ಷದಲ್ಲಿ ಇಂಥ ಹುಳು ಕಂಡಿಲ್ಲ ಎಂದು ಮನಸ್ಸಲ್ಲೇ ಅಂದುಕೊಂಡಳು, ಬಾಯಿ ಬಿಡಲಿಲ್ಲ.

ಸಂಜೆ ಏಳಕ್ಕೆ ಪಕ್ಕದ ಕಟ್ಟಡದ ಅಂಚು ಹತ್ತಿಕೊಂಡಿತು.

ಪಡಸಾಲೆಯಲ್ಲಿ ಅಕ್ಕಿಯ ಕಲ್ಲು ಆರಿಸುವಷ್ಟು ಬೆಳಕು. ಸ್ವಲ್ಪ ಹೊತ್ತಿಗೆ ಹುಳುಗಳು ತಾವು ಕೂತ ಜಾಗ ಬಿಟ್ಟು ಬೆಳಕಿಗೆ ಬೆನ್ನು ಮಾಡಿ ಹರಿಯತೊಡಗಿದವು. ಚಂದ್ರಿಕೆಯ ಹಿಂಬದಿಯ ನೆರಳಲ್ಲಿ ಒಂದರ ಮೇಲೊಂದು ಮುಗಿಬಿದ್ದವು. ಒಂದು ಇರಬೇಕಾದ ಕಡೆ ಮೂರು. ಕೆಲವು ನೆಲಕ್ಕೆ ಉದುರಿದವು. ಹೀಗೆ ಮುತ್ತಿಕೊಂಡರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಗೂಡಿನ ನೂಲು ಬಿಚ್ಚುವುದಿಲ್ಲ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೈಯಲ್ಲೂ ಮುಟ್ಟುವುದಿಲ್ಲ. ಅಮ್ಮಾಜಮ್ಮ ಕಂಬಳಿ ಕಟ್ಟಿ ನೋಡಿದಳು. ಗಾಳಿ ನಿಂತು ಸೆಕೆಯಾಯಿತು, ಬಿಚ್ಚಿದಳು.

“ಕತ್ಲಿದ್ರೇ ಒಳ್ಳೇದು ಅಂದಿದ್ದೆ,” ಅಂದಳು ಗಂಡನ ಕಡೆ ತಿರುಗದೆ.

ಆಗ ಮುನಿವೆಂಕಟಪ್ಪನಿಗೆ ಹೊಳೆಯಿತು. ಆ ವೈಪು ವದ್ದು. ಇವನ ಹುಳುವಿಗೆಂದೇ ಅವರು ತಮ್ಮ ಹೊಸ ಮನೆಯ ಒಂದು ಕಡೆಯನ್ನು ಕತ್ತಲಲ್ಲಿ ಬಿಟ್ಟಿದ್ದರು. ಹುಳುವಿನ ಹೆಸರೆತ್ತಿದರೆ ಕಣ್ಣು ಹಾಕಿದರು ಎಂದು ಕೂಗಾಡುತ್ತಾನೆಂದು ಆ ಹುಡುಗಿ ತಲೆಯಾಡಿಸಿ ಗಂಡನ ಬಾಯಿ ಮುಚ್ಚಿಸಿದ್ದಳು. ಮೂವತ್ತೈದು ವರ್ಷ ಹುಳು ಸಾಕಿದವನಿಗೆ ಇದು ತಲೆಗೆ ಹೋಗಿರಲಿಲ್ಲ. ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

ಓಣಿ ದಾಟಿ ಹೋದ. ಶಾಮಿಯಾನದಲ್ಲಿ ಎರಡನೇ ಪಂಕ್ತಿ ಕೂತಿತ್ತು. ಜನ ಕತ್ತೆತ್ತಿ ಲೈಟು ನೋಡುತ್ತಾ ಉಣ್ಣುತ್ತಿದ್ದರು. ಮೆಟ್ಟಿಲ ಬಳಿಯ ಸ್ವಿಚ್ ಬೋರ್ಡಿನ ಹತ್ತಿರ ಕವಿತ ತಾಂಬೂಲ ಕೊಡುತ್ತಿದ್ದಳು.

“ಆ ಲೈಟು ಆರಿಸಮ್ಮ.”

ಇದ್ದದ್ದು ಒಂದೇ ಸ್ವಿಚ್ಚು. ಕವಿತ ಒಂದು ಗಳಿಗೆ ಅವನ ಮುಖ ನೋಡಿದಳು, ಒತ್ತಿದಳು. ತನ್ನ ಗೃಹಪ್ರವೇಶದ ಸಂಜೆ, ನೆಂಟರೆಲ್ಲ ನೋಡುತ್ತಿರುವಾಗಲೇ, ಅವಳ ಮನೆಯ ನಾಲ್ಕೂ ಅಂಚು ಆರಿಹೋಯಿತು. ಕರೆಂಟ್ ಹೋಯ್ತಾ ಎಂದು ಯಾರೋ ಕೇಳಿದರು. ಏನಿಲ್ಲ, ಊಟ ಮಾಡಿ ಎಂದ ನರೇಂದ್ರ.

ಇವಳು ಯಾಕೆಂದು ಕೇಳಲೇ ಇಲ್ಲವಲ್ಲ, ಮನಸ್ಸಲ್ಲೇನಿದೆಯೋ ಎಂದು ಮುನಿವೆಂಕಟಪ್ಪನ ತಲೆ ಹಳೇ ಅಭ್ಯಾಸದಂತೆ ಓಡಿತು. ಕೇಳಿಯೇಬಿಟ್ಟ. “ಯಾಕೆ ಅಂತ ಕೇಳಲ್ವೇನಮ್ಮ?”

“ಕೇಳ್ಬಾರ್ದಲ್ವಾ ಮಾವ.”

“ಕೇಳಮ್ಮ,” ಅಂದ.

ಈಗ ಅನುಮಾನ ಪಡುವ ಸರದಿ ಕವಿತಳದು. ಇದರಲ್ಲೇನು ಮಸಲತ್ತೋ ಎಂದು ಗಂಡನ ಕಡೆ ನೋಡಿದಳು, ಮತ್ತೆ ಇವನ ಕಡೆ ನೋಡಿದಳು. ಕೊನೆಗೆ ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದಳು.

“ಹುಳು ಚೆನ್ನಾಗವಾ ಮಾವ?”

“ಕಾಲು ತೊಳ್ಕೊಂಡು ಬಾಮ್ಮ,” ಅಂದ ಮುನಿವೆಂಕಟಪ್ಪ. “ತೋರಿಸ್ತೀನಿ.”